ಬೀದಿಯ ಲೆಕ್ಕ

ಸಂಸಾರ ನಡೆಸುವವರ ಮನೆಯಲ್ಲಿ ಲೆಕ್ಕವಿಲ್ಲದ ಪದಾರ್ಥವೆಂಬುದು ಇಲ್ಲ. ಹಾಲು ಎಷ್ಟು ಬಂದಿತು, ಇಸ್ತ್ರಿಗೆ ಎಷ್ಟು ಬಟ್ಟೆ ಹೋಯಿತು, ಎಷ್ಟು ಸೇರು ರಾಗಿ ಮಿಲ್ಲಿಗೆ ನಡೆಯಿತು, ಕಾಯಿ ಕೆಡವಿದ ದಿನ ಎಷ್ಟು ನೂರು ತೆಂಗಿನಕಾಯಿ ಅಟ್ಟಕ್ಕೆ ಏರಿತು, ಇವೆಲ್ಲಕ್ಕೂ ಲೆಕ್ಕ ಉಂಟು. ನಮ್ಮ ತಾಯಿಯವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಲಿನಿಂದ ಗೀಟೆಳೆದು ತಿಂಗಳ ಹಾಲಿನ ಲೆಕ್ಕವನ್ನು ಒಂದು ಪಾವೂ ತಪ್ಪದಂತೆ ಇಡುತ್ತಿದ್ದರು. ನಾಲ್ಕು ಗೀಟು, ಅವುಗಳ ಮೇಲೊಂದು ಅಡ್ಡಗೀಟು, ಅಲ್ಲಿಗೆ ಐದಾಯಿತು. ಅಂತಹ ಆರು ಕಟ್ಟುಗಳಾದರೆ ತಿಂಗಳು ತುಂಬಿದಂತೆ. ಹಾಲಿನವನು ಬಂದು ವಾದ ಹೂಡಿದರೆ ತಾಯಿಯವರು ಮಾತಾಡದೆ ಗೋಡೆಯ ಕಡೆಗೆ ಬೆರಳು ತೋರುತ್ತಿದ್ದರು. ವಾದ ಅಷ್ಟಕ್ಕೇ ಮುಗಿಯುತ್ತಿತ್ತು.

ಮನೆಯೊಳಗೆ ಇಷ್ಟು ಜಾಗರೂಕರಾದ ನಾವು ಹೊಸ್ತಿಲು ದಾಟಿ ಬೀದಿಗೆ ಇಳಿದೊಡನೆಯೇ ಲೆಕ್ಕವನ್ನು ಮರೆಯುವುದೇಕೆ? ಬೀದಿ ಕಟ್ಟಿಕೊಂಡಿತೆಂದು ಬೈಯುತ್ತೇವೆ. ಬೈಯುವುದಕ್ಕೆ ಯಾರಾದರೊಬ್ಬರನ್ನು ಹುಡುಕಿಕೊಳ್ಳುತ್ತೇವೆ. ಮನೆಗೆ ಬಂದು ಕಾಫಿ ಕುಡಿದು ಮರೆಯುತ್ತೇವೆ. ಎಷ್ಟು ಗಾಡಿ ಬಂದವು, ಯಾವ ಗಳಿಗೆಯಲ್ಲಿ ಬಂದವು, ಎಷ್ಟು ಹೊತ್ತು ನಿಂತವು ಎಂದು ಯಾರೂ ಕೇಳುವುದಿಲ್ಲ. ಅರವತ್ತೈದು ವರ್ಷ ನಾವೂ ಕೇಳಿರಲಿಲ್ಲ. ಕೇಳುವಂತಾದುದು ಹೇಗೆಂಬುದನ್ನೂ, ಕೇಳಿದುದರಿಂದ ನಮಗೇ ಆದ ನಾಚಿಕೆಯನ್ನೂ ಇಲ್ಲಿ ನಿವೇದಿಸುವೆವು.

ನಮ್ಮ ಊರು ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ನೆರೆಯವರು ಕೋಪಿಸಿಕೊಂಡಾರು. ಈ ಸೀಮೆಯನ್ನು ಬಲ್ಲವರಿಗೆ ಇಲ್ಲಿಯ ರಸ್ತೆಗಳ ಸಂಗತಿ ಹೊಸದಲ್ಲ. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಮೊದಲಾಯಿತು. ಮುಂದೆ ಅದರ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಹರಿಯಿತು. ಇರ್ವಿನ್ ನಾಲೆಯೆಂದು ಹೆಸರಾಗಿದ್ದ ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರು. ನೀರು ಬಂದಲ್ಲಿ ಕಬ್ಬು ಬಂದಿತು. ಕಬ್ಬು ಬಂದಲ್ಲಿ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ರಾಗಿ ಹೊಲದಲ್ಲಿ ಬೆಳೆದು ಕಣಜಕ್ಕೆ ಹೋಗುವ ಪದಾರ್ಥ. ಕಬ್ಬಾದರೋ ಹೊಲದಲ್ಲಿ ಬೆಳೆದು ರಸ್ತೆಗೆ ಬರುವ ಪದಾರ್ಥ. ಆದಕಾರಣ ನಮ್ಮ ಸೀಮೆಯ ಸೌಭಾಗ್ಯವೆಲ್ಲ ಗಾಡಿಗಳ ಮೇಲೆಯೇ ಓಡಾಡುವುದೆಂದರೆ ತಪ್ಪಾಗದು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿ ಮೊದಲು ಮದ್ದೂರು, ಮಂಡ್ಯಗಳ ಊರೊಳಗಿಂದಲೇ ಹಾದುಹೋಗುತ್ತಿತ್ತು. ಮದ್ದೂರಿನಲ್ಲಿ ಇಳಿದು ವಡೆ ತಿನ್ನದೆ ಮುಂದೆ ಹೋದವರು ವಿರಳ. 2023ನೆಯ ಇಸವಿ ಮಾರ್ಚಿ 12ರಂದು ಹೊಸ ಹೆದ್ದಾರಿಯ ಉದ್ಘಾಟನೆ ನಮ್ಮ ಜಿಲ್ಲೆಯಲ್ಲಿಯೇ ಆಯಿತು. 118 ಕಿಲೋಮೀಟರು ಉದ್ದ, ನಡುವೆ ಆರು ಸಾಲಿನ ಮುಖ್ಯರಸ್ತೆ, ಇಕ್ಕೆಲಗಳಲ್ಲಿ ಎರಡೆರಡು ಸಾಲಿನ ಸೇವಾರಸ್ತೆ. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಯ ದಾರಿಯಾಯಿತೆಂದು ಹೇಳಿದರು. ದೂರದ ಪ್ರಯಾಣಿಕರು ಊರ ಹೊರಗಿನಿಂದಲೇ ಹಾದುಹೋಗತೊಡಗಿದರು. ಹೋಟೆಲಿನವರಿಗೂ ಬೊಂಬೆಯಂಗಡಿಯವರಿಗೂ ವ್ಯಾಪಾರ ತಗ್ಗಿತು; ರಸ್ತೆ ದಾಟುವ ಮುದುಕರಿಗೆ ನೆಮ್ಮದಿಯಾಯಿತು. ಒಂದೇ ರಸ್ತೆ ಒಬ್ಬರಿಗೆ ಸುಖ, ಮತ್ತೊಬ್ಬರಿಗೆ ದುಃಖ. ಆದರೆ ಮಳವಳ್ಳಿಯ ಕಡೆಗೆ ಬರುವ ಅಡ್ಡರಸ್ತೆಗಳಿಗೆ ಈ ಯೋಗವಿಲ್ಲ. ಕನಕಪುರ, ಹಲಗೂರುಗಳ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ 948ನೆಯ ಸಂಖ್ಯೆಯ ಹೆದ್ದಾರಿ ಒಂದು ಕಡೆ. ಮದ್ದೂರಿನಿಂದ ಬರುವ ರಸ್ತೆ ಇನ್ನೊಂದು ಕಡೆ. ಶಿವನಸಮುದ್ರಕ್ಕೆ ಜಲಪಾತ ನೋಡಲು ಹೊರಟವರು ಮತ್ತೊಂದು ಕಡೆ. ಇವುಗಳ ನಡುವಿನ ಹೋಬಳಿಯ ಊರುಗಳ ಬೀದಿಗಳು ನಮ್ಮ ತಾತಂದಿರು ಎತ್ತಿನ ಗಾಡಿಗೆಂದು ಬಿಟ್ಟ ಅಗಲದಲ್ಲಿಯೇ ಇವೆ.

ಈಗ ನಮ್ಮ ಮನೆಯ ಸಂಗತಿ. 2024ನೆಯ ಇಸವಿಯ ಕಾರ್ತಿಕಮಾಸ. ಒಂದು ದಿನ ಸಂಜೆ ನಾಲ್ಕು ಗಂಟೆಗೆ ನಮ್ಮ ಅಣ್ಣಯ್ಯನವರು ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದವರು ಇದ್ದಕ್ಕಿದ್ದಂತೆ ಪತ್ರಿಕೆಯನ್ನು ಕೈಬಿಟ್ಟರು. ಎತ್ತಿಕೊಳ್ಳಲು ಬಗ್ಗಿದರೆ ಕೈ ಏಳಲಿಲ್ಲ. ಏನೋ ಹೇಳಹೊರಟರು, ಮಾತು ತೊದಲಿತು. ನಮ್ಮ ಮನೆಯವರು ಕೂಡಲೇ 108ಕ್ಕೆ ಹೇಳಿಕಳುಹಿಸಿದರು. ಗಾಡಿಯೇನೋ ಬೇಗನೆಯೇ ಊರ ಬಾಗಿಲಿಗೆ ಬಂದಿತು. ಅದರ ಕೂಗು ನಮ್ಮ ಕಿವಿಗೆ ಬೀಳುತ್ತಿತ್ತು. ಆದರೆ ಕೂಗು ಹತ್ತಿರವಾಗಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಕೂಗು ಅಲ್ಲಿಯೇ ಇತ್ತು. ಬೀದಿಯ ಮೂಲೆಯಲ್ಲಿ ಎತ್ತಲಾರದಷ್ಟು ಗಾಡಿಗಳು ಕಚ್ಚಿಕೊಂಡಿದ್ದವು. ಕಡೆಗೆ ನಾವೂ ನೆರೆಯ ಹುಡುಗರೂ ಸೇರಿ ಅಣ್ಣಯ್ಯನವರನ್ನು ಮಡಿಚುವ ಮಂಚದ ಮೇಲೆ ಮಲಗಿಸಿ, ಗಾಡಿಗಳ ಸಂದಿನಲ್ಲಿ ಹೊತ್ತುಕೊಂಡು ಹೋಗಿ, ಆ ವಾಹನಕ್ಕೆ ಏರಿಸಿದೆವು. ಅದು ತಿರುಗಿಕೊಂಡು ಊರು ಬಿಡುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಸಂದಿತ್ತು.

ಅಣ್ಣಯ್ಯನವರು ಉಳಿದರು. ಮಾತು ಬಹುಮಟ್ಟಿಗೆ ಮರಳಿತು, ಬಲಗೈ ಮರಳಲಿಲ್ಲ. ಈ ಬಗೆಯ ಲಕ್ವಕ್ಕೆ, ಅಂದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ, ಹೆಪ್ಪನ್ನು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಅವಧಿಯೊಳಗೂ ಎಷ್ಟು ಮುಂಚೆ ಕೊಟ್ಟರೆ ಅಷ್ಟು ಗುಣವಂತೆ. ಇಪ್ಪತ್ತೆರಡು ನಿಮಿಷ ಮುಂಚೆ ಹೋಗಿದ್ದರೆ ಕೈ ಉಳಿಯುತ್ತಿತ್ತೆ ಎಂದು ವೈದ್ಯರನ್ನು ಕೇಳಿದೆವು. ಅವರು ಒಳ್ಳೆಯವರು. “ಅದನ್ನು ಯಾರೂ ಹೇಳಲಾರರು, ಯಜಮಾನರೆ” ಎಂದರು. ಹೇಳಲಾಗದೆಂಬ ಆ ಮಾತೇ ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು.

ಊರಿನಲ್ಲಿ ಆ ವಾರವೆಲ್ಲ ಇದೇ ಮಾತು. ತಪ್ಪು ಯಾರದೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ: ಕಬ್ಬಿನ ಗಾಡಿಗಳದು! ಕಟಾವಿನ ಕಾಲದಲ್ಲಿ ಟ್ರಾಕ್ಟರಿಗೆ ಒಂದರ ಹಿಂದೊಂದು ಎರಡು ಟ್ರೈಲರು ಕಟ್ಟಿ, ಎರಡಾಳು ಎತ್ತರಕ್ಕೆ ಕಬ್ಬು ಹೇರಿ, ಬೀದಿಯ ಅಗಲಕ್ಕೂ ಜಲ್ಲೆ ಚಾಚಿಕೊಂಡು ಬರುವ ಆ ಗಾಡಿಗಳನ್ನು ಕಂಡವರಿಗೆ ಬೇರೆ ಅಪರಾಧಿಯನ್ನು ಹುಡುಕುವ ಅಗತ್ಯವೇ ತೋರುವುದಿಲ್ಲ. ನಾವೂ ಅದನ್ನೇ ನಂಬಿದೆವು. ಅಧಿಕಾರಿಗಳಿಗೆ ಒಂದು ಅರ್ಜಿ ಬರೆದು, ಕಬ್ಬಿನ ಗಾಡಿಗಳನ್ನು ಊರೊಳಗೆ ಬಿಡಕೂಡದೆಂದು ಪ್ರಾರ್ಥಿಸಿ, ನೂರು ಜನರ ರುಜು ಹಾಕಿಸಬೇಕೆಂದು ಹೊರಟೆವು.

ಅರ್ಜಿಯನ್ನು ಮಂಡ್ಯದಲ್ಲಿರುವ ನಮ್ಮ ಹಳೆಯ ಮಿತ್ರರೊಬ್ಬರಿಗೆ ಓದಿ ತೋರಿಸಿದೆವು. ಅವರು ರಸ್ತೆಯ ಕೆಲಸದಲ್ಲಿ ಮೂವತ್ತು ವರ್ಷ ಇಂಜಿನಿಯರಾಗಿದ್ದು ನಿವೃತ್ತರಾದವರು. ಕನ್ನಡಕ ತೆಗೆದು ಕೇಳಿದರು: “ಕಬ್ಬಿನ ಗಾಡಿ ದಿನಕ್ಕೆ ಎಷ್ಟು ಬರುತ್ತವೆ?”

“ಬಹಳ.”

“ನಾಲ್ಕು ಗಂಟೆಗೆ ಎಷ್ಟು?”

ನಾವು ಸುಮ್ಮನಾದೆವು.

“ಜ್ವರ ಎಷ್ಟಿದೆಯೆಂದು ನೋಡದೆ ಔಷಧಿ ಬರೆಯುವ ವೈದ್ಯನ ಹತ್ತಿರ ನೀವು ಹೋಗುತ್ತೀರಾ?” ಎಂದರು ಅವರು.

ಅವರೇ ವಿವರಿಸಿದ ಸಂಗತಿ ಇದು. 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್ಸೆಂಬ ಇಂಜಿನಿಯರುಗಳ ಸಂಸ್ಥೆ, ಊರ ಹೊರಗಿನ ರಸ್ತೆಗಳಲ್ಲಿ ವಾಹನಗಳನ್ನು ಎಣಿಸುವ ಕ್ರಮವನ್ನು 1972ರಲ್ಲಿಯೇ ಬರೆದಿಟ್ಟಿದೆ. ವರ್ಷಕ್ಕೆ ಕಡೆಯ ಪಕ್ಷ ಎರಡು ಬಾರಿ ಎಣಿಸಬೇಕು. ಪ್ರತಿ ಬಾರಿಯೂ ಒಂದೇ ಸಮನೆ ಏಳು ದಿನ, ದಿನಕ್ಕೆ ಇಪ್ಪತ್ನಾಲ್ಕು ಗಂಟೆ. ಎರಡರಲ್ಲಿ ಒಂದು ಎಣಿಕೆ ಕೊಯ್ಲು ಮತ್ತು ಮಾರಾಟದ ಭರಾಟೆಯಿರುವಾಗ, ಇನ್ನೊಂದು ಬಿಡುವಿನ ಕಾಲದಲ್ಲಿ. ಏಳು ದಿನವೇಕೆಂದರೆ ಸಂತೆಯ ದಿನ ಬೇರೆ, ಭಾನುವಾರ ಬೇರೆ. ಎರಡು ಕಾಲವೇಕೆಂದರೆ ಒಕ್ಕಲಿನ ದೇಶದಲ್ಲಿ ರಸ್ತೆಗೂ ಸುಗ್ಗಿಯುಂಟು. ಈ ನಿಯಮವನ್ನು ಬರೆದವರು ನಮ್ಮ ಸೀಮೆಯನ್ನು ನೋಡಿಯೇ ಬರೆದರೋ ಎನ್ನುವಂತಿದೆ.

ಅವರು ಹೇಳಿದ ಮತ್ತೊಂದು ವಿಷಯ ನಮಗೆ ಬಹಳ ಸ್ವಾರಸ್ಯವಾಗಿ ಕಂಡಿತು. ರಸ್ತೆಯ ಲೆಕ್ಕದಲ್ಲಿ ಒಂದು ಗಾಡಿಗೆ ಒಂದು ಗಾಡಿ ಸಮನಲ್ಲ. ಒಂದು ಮೋಟಾರು ಕಾರನ್ನು ಒಂದೆಂದು ಹಿಡಿದು, ಉಳಿದವು ಅದರ ಎಷ್ಟು ಪಾಲು ರಸ್ತೆಯನ್ನು ನುಂಗುತ್ತವೆಯೋ ಅಷ್ಟು ಬೆಲೆ ಕಟ್ಟುವರು. ಅದೇ ಸಂಸ್ಥೆಯ 1990ರ ಪಟ್ಟಿಯ ಪ್ರಕಾರ ಮೋಟಾರು ಸೈಕಲ್ಲಿಗೆ ಅರ್ಧ; ಆಟೋವಿಗೆ ಒಂದು; ಬಸ್ಸಿಗೂ ಲಾರಿಗೂ ಮೂರು; ಟ್ರೈಲರು ಕಟ್ಟಿದ ಟ್ರಾಕ್ಟರಿಗೆ ನಾಲ್ಕೂವರೆ; ಎತ್ತಿನ ಗಾಡಿಗೆ ಎಂಟು! ಬಡ ಎತ್ತಿನ ಗಾಡಿ ಎಂಟು ಕಾರುಗಳಿಗೆ ಸಮನೆಂದು ಕೇಳಿ ನಮ್ಮ ಮೊಮ್ಮಗ ನಕ್ಕನು. ಅದರ ಆಕಾರ ದೊಡ್ಡದೆಂದಲ್ಲ. ಅದು ಮೆಲ್ಲನೆ ನಡೆಯುವುದರಿಂದ ಹಿಂದಿನವರೆಲ್ಲರನ್ನೂ ಮೆಲ್ಲನೆ ನಡೆಸುತ್ತದೆ. ಅದಕ್ಕಾಗಿ ಈ ಬೆಲೆ.

ಮನೆಗೆ ಬಂದು ಅರ್ಜಿಯನ್ನು ಮಡಿಚಿಟ್ಟೆವು. ಇಪ್ಪತ್ನಾಲ್ಕು ಗಂಟೆ ಎಣಿಸುವ ಶಕ್ತಿ ನಮಗಿಲ್ಲ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ, ಏಳು ದಿನ, ಎಂದು ಗೊತ್ತುಮಾಡಿದೆವು. ಮಾರ್ಗಶಿರಮಾಸದ ಒಂದು ಸೋಮವಾರ, ಅಂದರೆ ನಮ್ಮೂರ ಸಂತೆಯ ದಿನ, ಜಗಲಿಯ ಮೇಲೆ ಚಾಪೆ ಹಾಸಿ ಕುಳಿತೆವು. ಕಾಲು ಗಂಟೆಗೊಂದು ಸಾಲು. ಎತ್ತಿನ ಗಾಡಿ, ಟ್ರಾಕ್ಟರು, ಬಸ್ಸು, ಲಾರಿ, ಕಾರು, ಆಟೋ, ಮೋಟಾರು ಸೈಕಲ್ಲು, ಸೈಕಲ್ಲು ಎಂದು ಎಂಟು ಮನೆ. ಬೆಳಗಿನ ಹೊತ್ತು ನಾವು, ಮಧ್ಯಾಹ್ನ ನಮ್ಮ ಮನೆಯವರು, ಅಕ್ಕಿ ಆರಿಸುತ್ತ, ಸಂಜೆ ಮೊಮ್ಮಕ್ಕಳು. ಎಲ್ಲರೂ ತಾಯಿಯವರ ಗೋಡೆಯ ಪದ್ಧತಿಯಂತೆಯೇ ನಾಲ್ಕು ಗೀಟು, ಒಂದು ಅಡ್ಡಗೀಟು. ದಾರಿಹೋಕರು ನಿಂತು, “ಏನು ಸ್ವಾಮಿ, ಜನಗಣತಿಯೊ?” ಎಂದು ಕೇಳುವರು. “ಗಾಡಿಗಣತಿ” ಎನ್ನುವೆವು. ನಗುವರು, ಆದರೆ ಎರಡನೆಯ ದಿನಕ್ಕೆ ಎದುರಂಗಡಿಯವರು ತಾವೇ ಕೂಗಿ ಹೇಳತೊಡಗಿದರು: “ಸ್ವಾಮೇರ, ಟ್ರಾಕ್ಟರು ಹೋಯ್ತು, ಬರಕೊಂಡ್ರಾ?”

ನಮ್ಮ ಪುಸ್ತಕದ ಒಂದು ಕಾಲು ಗಂಟೆಯನ್ನು ಮಾದರಿಗೆ ಹೇಳುವೆವು. ಎತ್ತಿನ ಗಾಡಿ ಮೂರು, ಟ್ರಾಕ್ಟರು ನಾಲ್ಕು, ಬಸ್ಸು ಎರಡು, ಕಾರು ಆಟೋಗಳು ಆರು, ಮೋಟಾರು ಸೈಕಲ್ಲು ನಲವತ್ತು, ಒಟ್ಟು ಐವತ್ತೈದು. ಬೆಲೆ ಕಟ್ಟಿದರೆ ಇಪ್ಪತ್ತನಾಲ್ಕು, ಹದಿನೆಂಟು, ಆರು, ಆರು, ಇಪ್ಪತ್ತು. ಕೂಡಿದರೆ ಎಪ್ಪತ್ತನಾಲ್ಕು ಕಾರುಗಳಿಗೆ ಸಮ. ಏಳೇ ಏಳು ಕಬ್ಬಿನ ಗಾಡಿಗಳು ಅರ್ಧಕ್ಕಿಂತ ಹೆಚ್ಚು ರಸ್ತೆಯನ್ನು ತಿಂದುಹಾಕಿವೆ! ನಮಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಅಪರಾಧಿ ಸಿಕ್ಕಿಬಿದ್ದನಷ್ಟೆ! ಆದರೆ ಈ ಕಾಲು ಗಂಟೆ ಬೆಳಗಿನ ಆರೂವರೆಯದು. ಆಗ ರಸ್ತೆ ಸಲೀಸಾಗಿ ಹರಿಯುತ್ತಿತ್ತು. ಕಬ್ಬಿನ ಗಾಡಿಗಳಲ್ಲಿ ಬಹುಪಾಲು ನಸುಕಿನಲ್ಲಿಯೂ ಕತ್ತಲಾದ ಮೇಲೂ ಬರುತ್ತಿದ್ದವು. ಬೀದಿ ಕಟ್ಟಿಕೊಳ್ಳುತ್ತಿದ್ದುದು ಸಂಜೆ ನಾಲ್ಕರಿಂದ ಐದರೊಳಗೆ. ಆ ಹೊತ್ತಿಗೆ ಬಂದ ಕಬ್ಬಿನ ಗಾಡಿಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಾಗಿತ್ತು.

ಮೂರನೆಯ ದಿನ ಮತ್ತೊಂದು ವಿಚಿತ್ರ ಕಂಡಿತು. ಕಾಲೇಜಿನಲ್ಲಿ ಓದುವ ನಮ್ಮ ಮೊಮ್ಮಗ ಸಾಲುಗಳನ್ನು ಕೂಡಿ ನೋಡಿ, “ತಾತ, ನಾಲ್ಕೂಕಾಲಿನ ಎಣಿಕೆಯೂ ಮಧ್ಯಾಹ್ನ ಎರಡು ಗಂಟೆಯ ಎಣಿಕೆಯೂ ಹೆಚ್ಚುಕಡಮೆ ಒಂದೇ ಇದೆಯಲ್ಲ!” ಎಂದನು. ಎರಡು ಗಂಟೆಗೆ ಬೀದಿಯಲ್ಲಿ ನಾಯಿ ಮಲಗಿರುತ್ತದೆ. ನಾಲ್ಕೂಕಾಲಿಗೆ ಇರುವೆ ನುಸುಳಲು ಜಾಗವಿರುವುದಿಲ್ಲ. ಎರಡಕ್ಕೂ ಒಂದೇ ಅಂಕಿಯೆಂದರೇನು? ಎಣಿಸುವವರ ಕಣ್ಣು ತಪ್ಪಿತೆಂದು ನಾವು ಗದರಿದೆವು. ಆಗ ನಮ್ಮ ಮನೆಯವರು ಮೊರವನ್ನು ಕೆಳಗಿಟ್ಟು ಹೇಳಿದರು: “ಕಣ್ಣು ತಪ್ಪಿಲ್ಲ. ನಾಲೆಯಲ್ಲಿ ನೀರಿಲ್ಲದಿದ್ದರೂ ತೂಬಿನಲ್ಲಿ ನೀರು ಬರುವುದಿಲ್ಲ. ತೂಬಿಗೆ ಕಸ ಕಟ್ಟಿಕೊಂಡರೂ ಬರುವುದಿಲ್ಲ. ನೀವು ಹರಿಯುವುದನ್ನಷ್ಟೇ ಅಳೆದಿರಿ. ನಿಂತದ್ದನ್ನು ಅಳೆಯಲಿಲ್ಲ.”

ನಮ್ಮ ಮನೆಯವರ ತಂದೆ ನಾಲೆಯ ಮೇಲೆ ನೀರುಗಂಟಿಯಾಗಿದ್ದವರು. ಅವರ ಮಾತನ್ನು ಮಂಡ್ಯದ ಮಿತ್ರರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ನಕ್ಕು, ಇದನ್ನು ತಿಳಿಯುವುದಕ್ಕೆ ತಮಗೆ ಕಾಲೇಜಿನಲ್ಲಿ ಒಂದು ವರ್ಷ ಹಿಡಿದಿತ್ತೆಂದರು. ಹಾದುಹೋದ ಗಾಡಿಗಳ ಸಂಖ್ಯೆ ಕಡಮೆಯೆಂದರೆ ರಸ್ತೆ ಬರಿದಾಗಿದೆಯೆಂದೂ ಅರ್ಥವಾಗಬಹುದು, ಉಸಿರುಕಟ್ಟಿದೆಯೆಂದೂ ಅರ್ಥವಾಗಬಹುದು. ವೇಗವನ್ನೋ ನಿಂತ ಗಾಡಿಗಳನ್ನೋ ಜೊತೆಗೆ ಅಳೆಯದೆ ಅಂಕಿಗೆ ಬೆಲೆಯಿಲ್ಲ.

ನಾಲ್ಕನೆಯ ದಿನದಿಂದ ನಿಂತ ಗಾಡಿಗಳಿಗೊಂದು ಮನೆ ಕೂಡಿಸಿದೆವು. ಕಾಲು ಗಂಟೆಗೊಮ್ಮೆ ನಮ್ಮ ಎಂಟು ವರ್ಷದ ಮೊಮ್ಮಗಳು ಮೂಲೆಯವರೆಗೂ ನಡೆದುಹೋಗಿ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿರುವ ಗಾಡಿಗಳನ್ನೂ, ಅವು ಯಾರ ಬಾಗಿಲಲ್ಲಿ ನಿಂತಿವೆಯೆಂಬುದನ್ನೂ ಬರೆದುಕೊಂಡು ಬರುವಳು. ಆಗ ಸಂಗತಿ ಬಯಲಾಯಿತು. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಮಕ್ಕಳನ್ನು ಕರೆಯಲು ತಂದೆತಾಯಿಗಳ ಮೋಟಾರು ಸೈಕಲ್ಲುಗಳು ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ಬಂದು ಎರಡು ಸಾಲಾಗಿ ನಿಲ್ಲುತ್ತವೆ. ಅದೇ ಹೊತ್ತಿಗೆ ಸಾಮಾನಿನ ಲಾರಿ ಅಂಗಡಿಯ ಮುಂದೆ ಮೂಟೆ ಇಳಿಸುತ್ತದೆ. ಬಸ್ಸು ಸರಿಯಾಗಿ ಮೂಲೆಯಲ್ಲಿಯೇ ನಿಲ್ಲುತ್ತದೆ. ಇಷ್ಟರಲ್ಲಿಯೂ ಒಂದು ಗಾಡಿ ಹೋಗುವಷ್ಟು ಎಡೆ ಉಳಿಯಬೇಕಾಗಿತ್ತು. ಆದರೆ ಮೂಲೆಯ ಅತ್ಯಂತ ಕಿರಿದಾದ ಜಾಗದಲ್ಲಿ, ಬೆಳಿಗ್ಗೆ ಹತ್ತರಿಂದ ರಾತ್ರಿಯವರೆಗೂ, ಕದಲದೆ ಒಂದು ಕಾರು ನಿಂತಿರುತ್ತಿತ್ತು.

ಆ ಕಾರಿನ ಸಾಲಿನಲ್ಲಿ ಮಗು ತನ್ನ ದುಂಡಕ್ಷರದಲ್ಲಿ ನಾಲ್ಕು ದಿನವೂ ಒಂದೇ ಮಾತನ್ನು ಬರೆದಿದ್ದಳು: “ನಮ್ಮ ಕಾರು.”

ನಮ್ಮ ಮಗನಿಗೆ ಮೂಲೆಯ ಬಳಿ ಗೊಬ್ಬರದ ಅಂಗಡಿಯುಂಟು. ಕಾರು ಕಣ್ಣಿಗೆ ಕಾಣುವಂತಿರಲೆಂದು ಎದುರಿಗೇ ನಿಲ್ಲಿಸುವುದು ವಾಡಿಕೆ. ದಿನವೂ ನೋಡುತ್ತಿದ್ದೆವು, ಆದರೆ ಕಂಡಿರಲಿಲ್ಲ. ಅಣ್ಣಯ್ಯನವರಿಗೆ ಕಾಯಿಲೆಯಾದ ಸಂಜೆಯೂ ಅದು ಅಲ್ಲಿಯೇ ಇತ್ತೇ ಎಂದು ಮಗನನ್ನು ಕೇಳಲು ನಮಗೆ ಬಾಯಿ ಬರಲಿಲ್ಲ. ಅವನೇ ಹೇಳಿದನು. “ಇತ್ತು, ಅಪ್ಪ. ಸುದ್ದಿ ಕೇಳಿ ಓಡಿಬಂದೆ; ಕಾರು ತೆಗೆಯಬೇಕೆಂದು ತೋಚಲೇ ಇಲ್ಲ” ಎಂದು ಹೇಳಿ ಒಳಗೆ ಹೋದನು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟಮಾಡಲಿಲ್ಲ. ನೂರು ಜನರ ರುಜು ಹಾಕಿಸಬೇಕೆಂದಿದ್ದ ಅರ್ಜಿ ಪೆಟ್ಟಿಗೆಯಲ್ಲಿ ಹಾಗೆಯೇ ಇದೆ. ಅದನ್ನು ಹರಿದುಹಾಕಬಾರದೆಂದು ಇಟ್ಟುಕೊಂಡಿದ್ದೇವೆ.

ಒಂದು ಕಾರಿನಿಂದ ಇಷ್ಟಾಗುವುದುಂಟೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ರಸ್ತೆಗೆ ನಿಮಿಷಕ್ಕೆ ಹನ್ನೆರಡು ಗಾಡಿ ಬರುತ್ತವೆ, ಮತ್ತು ಆ ರಸ್ತೆ ನಿಮಿಷಕ್ಕೆ ಇಪ್ಪತ್ತನ್ನು ಬಿಡಬಲ್ಲುದು ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ದಾರಿ ಮುಚ್ಚಿದರೆ ನೂರಿಪ್ಪತ್ತು ಗಾಡಿ ಸೇರುತ್ತವೆ. ದಾರಿ ತೆರೆದ ಮೇಲೆ ನಿಮಿಷಕ್ಕೆ ಇಪ್ಪತ್ತು ಹೋದರೂ ಹಿಂದಿನಿಂದ ಹನ್ನೆರಡು ಬರುತ್ತಲೇ ಇರುತ್ತವೆ. ಸಾಲು ಕರಗುವುದು ನಿಮಿಷಕ್ಕೆ ಎಂಟರಂತೆ ಮಾತ್ರ. ಅದು ಪೂರ್ತಿ ಕರಗಲು ಇನ್ನೂ ಹದಿನೈದು ನಿಮಿಷ ಬೇಕು. ಹತ್ತು ನಿಮಿಷದ ತಪ್ಪಿಗೆ ಇಪ್ಪತ್ತೈದು ನಿಮಿಷದ ದಂಡ. ಸಂತರ್ಪಣೆಯಲ್ಲಿ ಮೊದಲನೆಯ ಪಂಕ್ತಿ ಏಳುವುದು ತಡವಾದರೆ ಕಡೆಯ ಪಂಕ್ತಿಯವರು ಸಂಜೆಗೆ ಊಟಮಾಡುವುದಿಲ್ಲವೆ? ಹಾಗೆಯೇ ಇದೂ.

ನಮ್ಮ ಈ ಜಗಲಿಯ ಲೆಕ್ಕವನ್ನೇ ದೊಡ್ಡ ಊರುಗಳಲ್ಲಿ ಯಂತ್ರಗಳು ಮಾಡುತ್ತಿವೆ. ಈಗಿನವರು ಅದನ್ನು ದತ್ತಾಂಶವೆಂದು ಕರೆಯುವರು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಜಗತ್ತಿನ ಮೊದಲನೆಯ ಸಂಚಾರದೀಪವನ್ನು ನೆಟ್ಟಾಗ ಅದನ್ನು ಪೋಲೀಸಿನವನು ಕೈಯಿಂದ ತಿರುಗಿಸುತ್ತಿದ್ದನು. ಅನಿಲದಿಂದ ಉರಿಯುತ್ತಿದ್ದ ಆ ದೀಪ ಮರುವರ್ಷ ಸಿಡಿದುಹೋಯಿತು. 1958ರಲ್ಲಿ ಇಂಗ್ಲೆಂಡಿನ ವೆಬ್‌ಸ್ಟರ್ ಎಂಬವರು ಯಾವ ದಿಕ್ಕಿಗೆ ಎಷ್ಟು ಹೊತ್ತು ಹಸಿರುದೀಪ ಕೊಡಬೇಕೆಂಬುದಕ್ಕೆ ಒಂದು ಸೂತ್ರ ಕೊಟ್ಟರು. ಅದರ ತಿರುಳು ಇಷ್ಟೆ: ಬಡಿಸುವವನು ಎಲ್ಲ ಸಾಲಿಗೂ ಒಂದೇ ಅಳತೆಯ ಅನ್ನ ಒಯ್ಯಕೂಡದು, ಯಾವ ಸಾಲಿನಲ್ಲಿ ಎಷ್ಟು ಎಲೆಯಿದೆಯೋ ಅದಕ್ಕೆ ತಕ್ಕಂತೆ ಒಯ್ಯಬೇಕು. ಈಗ ಬೆಂಗಳೂರಿನ ಕೆಲವು ಕೂಡುರಸ್ತೆಗಳಲ್ಲಿ ಕ್ಯಾಮರಾಗಳು ಗಾಡಿಗಳನ್ನು ಎಣಿಸಿ, ದೀಪದ ಹೊತ್ತನ್ನು ತಾವೇ ಹಿಗ್ಗಿಸಿ ಕುಗ್ಗಿಸುತ್ತವೆ. 2024ರಲ್ಲಿ ಅಲ್ಲಿಯ ಸಂಚಾರ ಪೋಲೀಸಿನವರು ‘ಅಸ್ತ್ರಂ’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದು, ಎಲ್ಲಿ ಸಂದಣಿ ಏರುತ್ತಿದೆಯೆಂಬುದನ್ನು ಒಂದೆಡೆ ಕುಳಿತು ನೋಡುವಂತೆ ಮಾಡಿದರು.

ನಮ್ಮ ಹೆದ್ದಾರಿಯಲ್ಲಿಯೂ ಲೆಕ್ಕ ಉಪಕಾರಕ್ಕೆ ಬಂದಿದೆ. ಹೊಸ ರಸ್ತೆ ತೆರೆದ ಮೊದಲ ತಿಂಗಳುಗಳಲ್ಲಿ ಅಪಘಾತಗಳು ಭಯಂಕರವಾಗಿದ್ದವು; 2023ರ ಮೊದಲರ್ಧದಲ್ಲಿಯೇ ನೂರಕ್ಕೂ ಹೆಚ್ಚು ಜನ ಸತ್ತರು. ವೇಗದ ಕಾರುಗಳ ನಡುವೆ ನಿಧಾನದ ವಾಹನಗಳಿಗೆ ಅಪಾಯವೆಂದು ಕಂಡು, ಆ ವರ್ಷ ಆಗಸ್ಟ್ 1ರಿಂದ ಮೋಟಾರು ಸೈಕಲ್ಲು, ಆಟೋ, ಟ್ರಾಕ್ಟರುಗಳನ್ನು ಮುಖ್ಯರಸ್ತೆಯಿಂದ ಸೇವಾರಸ್ತೆಗೆ ಇಳಿಸಿದರು. ವೇಗವನ್ನು ಅಳೆಯುವ ಕ್ಯಾಮರಾಗಳನ್ನೂ ನೆಟ್ಟರು. ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನ ಸುಂಕದ ಕಟ್ಟೆಯಲ್ಲಿ ಹಾಯುವ ಪ್ರತಿಯೊಂದು ಕಾರಿನ ಗಾಜಿಗೂ ಅಂಟಿಸಿದ ಚೀಟಿಯಿಂದ ಹಣವೂ ಸಲ್ಲುತ್ತದೆ, ಎಣಿಕೆಯೂ ಆಗುತ್ತದೆ.

ಮೊಮ್ಮಗ ತನ್ನ ದೂರವಾಣಿಯಲ್ಲಿ ನಮ್ಮೂರ ನಕ್ಷೆಯನ್ನು ತೋರಿಸಿದನು. ನಾಲ್ಕೂಕಾಲಿಗೆ ನಮ್ಮ ಬೀದಿ ಕೆಂಪಾಯಿತು, ಐದೂವರೆಗೆ ಹಸಿರಾಯಿತು. ಜೇಬಿನಲ್ಲಿರುವ ದೂರವಾಣಿಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿ ಸಾಗುತ್ತಿದ್ದೇವೆಂಬುದನ್ನು ತಿಳಿಸುತ್ತಿರುವುವಂತೆ. ಹಲವು ದೂರವಾಣಿಗಳು ನಿಧಾನವಾದರೆ ರಸ್ತೆಗೆ ಕೆಂಪು ಬಳಿಯುವರಂತೆ. “ಇಷ್ಟಿದ್ದಮೇಲೆ ನಾವು ಚಾಪೆ ಹಾಸಿ ಕುಳಿತದ್ದೇಕೆ?” ಎಂದು ನಾವು ಕೇಳಿದೆವು. ಅವನೇ ಉತ್ತರವನ್ನೂ ಹೇಳಿದನು. 2020ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದನು ಒಂದು ಪುಟ್ಟ ಕೈಗಾಡಿಯಲ್ಲಿ ತೊಂಬತ್ತೊಂಬತ್ತು ದೂರವಾಣಿಗಳನ್ನು ತುಂಬಿ ಬರಿದಾದ ಬೀದಿಯಲ್ಲಿ ಎಳೆದುಕೊಂಡು ಹೋದನಂತೆ; ನಕ್ಷೆ ಆ ಬೀದಿಗೆ ಕೆಂಪು ಬಳಿಯಿತಂತೆ! ನಕ್ಷೆ ಜ್ವರಮಾಪಕದ ಹಾಗೆ. ಜ್ವರವಿದೆಯೆಂದು ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಬೀದಿಯ ಮೂಲೆಯಲ್ಲಿ ಸುಮ್ಮನೆ ನಿಂತ ಕಾರಿನೊಳಗೆ ದೂರವಾಣಿಯೂ ಇರುವುದಿಲ್ಲ, ಮನುಷ್ಯನೂ ಇರುವುದಿಲ್ಲ. ಅದು ಯಾರದೆಂದು ಬರೆಯುವುದಕ್ಕೆ ಒಂದು ಮಗು ನಡೆದುಹೋಗಿ ನೋಡಬೇಕಾಯಿತು.

ಲೆಕ್ಕಕ್ಕೆ ಒಂದು ಮರ್ಯಾದೆಯೂ ಬೇಕೆಂಬುದನ್ನು ಇಲ್ಲಿ ಹೇಳಬೇಕು. ಎದುರುಮನೆಯ ಗಾಡಿ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂದಿತೆಂಬುದೂ ನಮ್ಮ ಪುಸ್ತಕದಲ್ಲಿ ದೊರೆಯುವಂತಿತ್ತು. ಅದು ನಮ್ಮ ಕೆಲಸವಲ್ಲವೆಂದು ನಮ್ಮ ಮನೆಯವರು ಗಾಡಿಗಳ ನಂಬರನ್ನು ಬರೆಯಗೊಡಲಿಲ್ಲ. ಯಂತ್ರಗಳ ವಿಷಯದಲ್ಲಿಯೂ ಈ ಎಚ್ಚರ ಅಗತ್ಯ. ಜನರ ಖಾಸಗಿ ವಿವರಗಳ ರಕ್ಷಣೆಗೆಂದು 2023ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯೇ ಆಗಿದೆ. ಬೀದಿಯನ್ನು ಎಣಿಸಬೇಕು, ನೆರೆಯವರನ್ನು ಎಣಿಸಕೂಡದು.

ಮುಂದೆ ಏನಾಯಿತೆಂಬುದನ್ನು ಚಿಕ್ಕದಾಗಿ ಹೇಳುವೆವು. ಮೊದಲನೆಯ ಕೆಲಸವಾಗಿ ನಮ್ಮ ಕಾರನ್ನು ಹಿತ್ತಲಿನ ದನವಿಲ್ಲದ ಕೊಟ್ಟಿಗೆಗೆ ಸಾಗಿಸಿದೆವು. ಆ ಬಳಿಕವೇ ಪುಸ್ತಕವನ್ನು ಹಿಡಿದು ಬೀದಿಯವರ ಮನೆಗಳಿಗೆ ಹೋದೆವು. “ತಪ್ಪು ನಮ್ಮದು ಮೊದಲು” ಎಂದು ಆರಂಭಿಸಿದ ಮಾತನ್ನು ಕೇಳದವರು ಕಡಮೆ. ಅಂಗಡಿಯವರು ಮೂಟೆ ಇಳಿಸುವುದನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಲು ಒಪ್ಪಿದರು. ಶಾಲೆಯವರು ಚಿಕ್ಕ ತರಗತಿಗಳನ್ನೂ ದೊಡ್ಡ ತರಗತಿಗಳನ್ನೂ ಕಾಲು ಗಂಟೆಯ ಅಂತರದಲ್ಲಿ ಬಿಡತೊಡಗಿದರು. ಬಸ್ಸು ಮೂಲೆಯಿಂದ ನಲವತ್ತು ಹೆಜ್ಜೆ ಮುಂದೆ ನಿಲ್ಲುವಂತಾಯಿತು. ಒಂದು ಕಲ್ಲನ್ನೂ ಹೊಸದಾಗಿ ಹಾಕಲಿಲ್ಲ, ಒಂದು ಮರವನ್ನೂ ಕಡಿಯಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ಏಳು ದಿನ ಎಣಿಸಿದೆವು. ಸಂತೆಯ ದಿನ ಬೀದಿ ಈಗಲೂ ಕಟ್ಟಿಕೊಳ್ಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಉಳಿದ ಆರು ದಿನಗಳಲ್ಲಿ ಸಂಜೆ ನಾಲ್ಕೂಕಾಲಿಗೂ ಒಂದು ಗಾಡಿ ತಡೆಯಿಲ್ಲದೆ ಹಾಯುವಷ್ಟು ಎಡೆ ಇರುತ್ತದೆ. ಒಂದು ಗಾಡಿಗೆ ಎಡೆಯಿದ್ದರೆ ಸಾಕು. ಆ ಒಂದು ಯಾವುದೆಂಬುದನ್ನು ನಾವು ಬಲ್ಲೆವು.

ಕಬ್ಬಿನ ಗಾಡಿಯವರಿಗೆ ನಮ್ಮಿಂದ ಒಂದು ಕ್ಷಮಾಪಣೆ ಸಲ್ಲಬೇಕಾಗಿತ್ತು. ಒಂದು ಬೆಳಿಗ್ಗೆ ಎತ್ತುಗಳಿಗೆ ನೀರು ಕುಡಿಸಲು ನಿಂತ ಮುದುಕನೊಬ್ಬನಿಗೆ ಕಾಫಿ ಕೊಟ್ಟು ಈ ಕಥೆಯನ್ನೆಲ್ಲ ಹೇಳಿದೆವು. ಅವನು ಲೋಟವನ್ನು ಕೆಳಗಿಟ್ಟು, “ನಮ್ಮ ಗಾಡಿ ಎಂಟು ಕಾರಿಗೆ ಸಮ ಅಂದ್ರಾ ಬುದ್ಧಿ? ಹಂಗಾದ್ರೆ ನಾನು ದೊಡ್ಡ ಸಾವ್ಕಾರನೇ” ಎಂದು ನಕ್ಕು ಗಾಡಿ ಹೊಡೆದುಕೊಂಡು ಹೋದನು.

ಎಲ್ಲ ಗೃಹಸ್ಥರಿಗೂ ನಮ್ಮದೊಂದು ವಿಜ್ಞಾಪನೆ. ನಿಮ್ಮ ಬೀದಿ ಕಟ್ಟಿಕೊಂಡರೆ ಬೈಯುವುದಕ್ಕೆ ಮೊದಲು ಒಂದು ವಾರ ಎಣಿಸಿರಿ. ಎಣಿಸುವಾಗ ಹರಿಯುವುದನ್ನೂ ಬರೆಯಿರಿ, ನಿಂತದ್ದನ್ನೂ ಬರೆಯಿರಿ, ನಿಂತದ್ದನ್ನು ಬರೆಯುವ
ಕೆಲಸವನ್ನು ಮಕ್ಕಳಿಗೆ ವಹಿಸಿರಿ. ಅವರಿಗೆ ದಾಕ್ಷಿಣ್ಯ ತಿಳಿಯದು.

ಎರಡನೆಯ ಎಣಿಕೆಯಲ್ಲಿ ಅಣ್ಣಯ್ಯನವರೂ ಪಾಲುಗೊಂಡರು. ಪುಸ್ತಕ ಹಿಡಿಯಲು ಅವರಿಗೆ ಕಷ್ಟವೆಂದು, ಜಗಲಿಯ ಗೋಡೆಯ ಮೇಲೆ ಬರೆಯಲು ಒಂದು ಇದ್ದಲಿನ ತುಂಡನ್ನು ಎಡಗೈಗೆ ಕೊಟ್ಟೆವು. ಬಸ್ಸುಗಳ ಲೆಕ್ಕ ಅವರದು. ಗೀಟುಗಳು ಸೊಟ್ಟಗಿವೆ; ಅಡ್ಡಗೀಟು ಮೇಲಕ್ಕೆ ಓಡಿದೆ. ಆದರೆ ಐದಕ್ಕೆ ಐದು ಸರಿಯಾಗಿದೆ. ಮೊನ್ನೆ ಸುಣ್ಣ ಬಳಿಯಲು ಬಂದ ಆಳು ಆ ಗೋಡೆಯನ್ನು ಒರೆಸಹೊರಟನು. ನಮ್ಮ ಮನೆಯವರು ಅಷ್ಟು ಭಾಗವನ್ನು ಬಿಟ್ಟು ಬಳಿಯುವಂತೆ ಹೇಳಿದರು.